ರಸ್ತೆಯಲ್ಲಿ ಹಸುವಿಗೆ ಗಾಡಿ ಗುದ್ದಿದರೆ ಹೊಣೆ ಯಾರದ್ದು? ಫಾರ್ವರ್ಡ್ ಹೇಳುವುದೇನು, ಕಾನೂನು ಹೇಳುವುದೇನು

‘ಹಸುವಿಗೆ ಗಾಡಿ ತಾಗಿದರೆ ಐದು ವರ್ಷ ಜೈಲು’ ಅನ್ನುತ್ತದೆ ಒಂದು ಬಗೆಯ ಫಾರ್ವರ್ಡ್. ‘ದನ ರಸ್ತೆಗೆ ಬಂದರೆ ಮಾಲೀಕನೇ ಹೊಣೆ, ಗಾಡಿಯವರು ಒಂದು ಪೈಸೆಯನ್ನೂ ಕೊಡಬೇಕಿಲ್ಲ’ ಅನ್ನುತ್ತದೆ ಇನ್ನೊಂದು. ಎರಡೂ ಅರ್ಧ ನಿಜ. ಅರ್ಧ ನಿಜ ನಂಬಿಕೊಂಡು ಅಪಘಾತದ ಜಾಗದಿಂದ ಓಡಿಹೋದವರೂ ಕಷ್ಟಕ್ಕೆ ಸಿಗುತ್ತಾರೆ, ಅಲ್ಲೇ ನಿಂತು ಬೆದರಿಕೆಗೆ ಹಣ ಕೊಟ್ಟು ಬಂದವರೂ ಕಳೆದುಕೊಳ್ಳುತ್ತಾರೆ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ‘ಗಾಂಧಿನಗರ’ ಎಂಬ ಹೆಸರಿನೊಂದಿಗೆ ಬರುವ ದನದ ಸುದ್ದಿಗಳಲ್ಲಿ ಹಲವು ನಮ್ಮ ಮೆಜೆಸ್ಟಿಕ್ ಪಕ್ಕದ ಗಾಂಧಿನಗರದ್ದಲ್ಲ, ಗುಜರಾತಿನ ರಾಜಧಾನಿಯದ್ದು. 2022ರ ಅಕ್ಟೋಬರ್ 6ರಂದು ಮುಂಬೈ–ಗಾಂಧಿನಗರ ವಂದೇ ಭಾರತ್ ರೈಲು ಅಹಮದಾಬಾದ್ ಬಳಿ ಎಮ್ಮೆಗಳಿಗೆ ಗುದ್ದಿತು. ರೈಲಿನ ಮೂತಿ ಒಡೆದ ಫೋಟೊ ನೀವೂ ನೋಡಿರುತ್ತೀರಿ. ಆಗ ರೈಲ್ವೆ ರಕ್ಷಣಾ ಪಡೆ ಎಮ್ಮೆಗಳ ಮಾಲೀಕರ ಮೇಲೆ ಪ್ರಕರಣ ದಾಖಲಿಸಿತು. ಅದು ರೈಲ್ವೆ ಕಾಯ್ದೆಯಡಿ ಆದ ಪ್ರಕರಣ. ರೈಲು ಹಳಿ ಸಾರ್ವಜನಿಕ ರಸ್ತೆಯಲ್ಲ, ಅಲ್ಲಿಗೆ ದನ ಬರುವುದೇ ಅತಿಕ್ರಮ. ಆ ಲೆಕ್ಕವನ್ನು ತಂದು ಸುಬೇದಾರ್ ಛತ್ರಂ ರಸ್ತೆಗೆ ಹೊಂದಿಸಲು ಆಗುವುದಿಲ್ಲ.

ಇನ್ನು ಐದು ವರ್ಷದ ಮಾತು. ಇದು ಪೂರ್ತಿ ಗಾಳಿಸುದ್ದಿಯಲ್ಲ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಾಣಿಯನ್ನು ಕೊಂದರೆ, ಅಂಗ ಊನ ಮಾಡಿದರೆ ಐದು ವರ್ಷದವರೆಗೆ ಶಿಕ್ಷೆ ಎನ್ನುತ್ತದೆ. ಆದರೆ ಫಾರ್ವರ್ಡ್ ಬಿಟ್ಟುಬಿಟ್ಟ ಸಾಲು ಒಂದಿದೆ: ಅದು ಕೇಡು ಮಾಡುವ ಉದ್ದೇಶದಿಂದ ಅಥವಾ ಕೇಡಾಗುತ್ತದೆಂದು ತಿಳಿದೂ ಮಾಡಿದ ಕೆಲಸವಾಗಿರಬೇಕು. ಕತ್ತಲಲ್ಲಿ ತಿರುವಿನಲ್ಲಿ ಮಲಗಿದ್ದ ಹಸು ಕಾಣದೆ ಗುದ್ದಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ.

ಈ ವಿಷಯ ಬೆಂಗಳೂರಿನದೇ ಒಂದು ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಮುಂದೆ ಬಂದಿತ್ತು. ಅಲ್ಲಿ ಕಾರಿಗೆ ಸಿಕ್ಕಿದ್ದು ಹಸುವಲ್ಲ, ಸಾಕುನಾಯಿ. 2022ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಆ ಕೇಸನ್ನು ರದ್ದು ಮಾಡಿದರು. ಉದ್ದೇಶವಿಲ್ಲದ ಅಪಘಾತಕ್ಕೆ ಪ್ರಾಣಿಹಾನಿಯ ಕಲಂ ನಿಲ್ಲುವುದಿಲ್ಲ, ಅಜಾಗರೂಕ ಚಾಲನೆಯ ಕಲಂ ಇರುವುದು ಮನುಷ್ಯರ ಜೀವಕ್ಕೆ ಅಪಾಯವಾದಾಗ, ಮೋಟಾರು ವಾಹನ ಕಾಯ್ದೆಯಲ್ಲಿ ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕೆಂಬ ಕರ್ತವ್ಯವೂ ಮನುಷ್ಯರ ಕುರಿತದ್ದು ಎಂಬುದು ತೀರ್ಪಿನ ಸಾರ. ಓದಿದರೆ ಮನಸ್ಸಿಗೆ ಸ್ವಲ್ಪ ಕಸಿವಿಸಿ ಆಗುತ್ತದೆ ನಿಜ. ಆದರೆ ಕಾನೂನಿನ ಅಕ್ಷರ ಹಾಗಿದೆ.

ಹಾಗಂತ ಗಾಡಿಯವರು ಕೈ ತೊಳೆದುಕೊಳ್ಳುವ ಹಾಗಿಲ್ಲ. ಜೈಲಿನ ಪ್ರಶ್ನೆ ಬೇರೆ, ದುಡ್ಡಿನ ಪ್ರಶ್ನೆ ಬೇರೆ. ಕಾನೂನಿನ ಕಣ್ಣಿಗೆ ಹಸು ಒಬ್ಬರ ಆಸ್ತಿ. ಅತಿವೇಗದಲ್ಲಿ ಬಂದು ಅದನ್ನು ಕೊಂದಿದ್ದರೆ, ಮಾಲೀಕರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಹಸುವಿನ ಬೆಲೆ ಕೇಳಬಹುದು. ಗಾಡಿಯ ಥರ್ಡ್ ಪಾರ್ಟಿ ವಿಮೆ ಇರುವುದೇ ಇಂಥದ್ದಕ್ಕೆ. ಆಗ ಎದುರು ಪ್ರಶ್ನೆ ಏಳುತ್ತದೆ: ಹಸು ರಾತ್ರಿ ಹತ್ತು ಗಂಟೆಗೆ ನಡುರಸ್ತೆಯಲ್ಲಿ ಏನು ಮಾಡುತ್ತಿತ್ತು? ಬಿಟ್ಟಿದ್ದು ಮಾಲೀಕರ ಅಜಾಗರೂಕತೆ ಎಂದು ಸಾಬೀತಾದರೆ ಪರಿಹಾರ ಆ ಮಟ್ಟಿಗೆ ಕಡಿಮೆಯಾಗುತ್ತದೆ.

ಮಾಲೀಕರ ಹೊಣೆಯೂ ಬರಿಯ ಮಾತಲ್ಲ. ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯ ಆಗದಂತೆ ನೋಡಿಕೊಳ್ಳದಿದ್ದರೆ ಆರು ತಿಂಗಳವರೆಗೆ ಸಜೆ, ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೀದಿಗೆ ಬಿಟ್ಟ ದನವನ್ನು ದೊಡ್ಡಿಗೆ ಹಾಕಿ ದಂಡ ಕಟ್ಟಿಸಿಕೊಳ್ಳಲು 1966ರ ಕರ್ನಾಟಕ ಜಾನುವಾರು ಅತಿಕ್ರಮ ಕಾಯ್ದೆ ಇದೆ. ಗಾಯಗೊಂಡ ಸವಾರರು ನಷ್ಟಕ್ಕಾಗಿ ಮಾಲೀಕರ ಮೇಲೆ ಸಿವಿಲ್ ದಾವೆ ಹೂಡಬಹುದು. ಇಂಗ್ಲೆಂಡಿನಲ್ಲಿ 1947ರ ಒಂದು ತೀರ್ಪು, ದನ ರಸ್ತೆಗೆ ಬಾರದಂತೆ ತಡೆಯುವ ಕರ್ತವ್ಯ ಮಾಲೀಕರಿಗೆ ಇಲ್ಲವೇ ಇಲ್ಲ ಎಂದಿತ್ತು. ಕುದುರೆಗಾಡಿ ಕಾಲದ ಆ ನಿಯಮವನ್ನು ಅವರೇ 1971ರಲ್ಲಿ ಕಾಯ್ದೆ ತಂದು ಕಿತ್ತುಹಾಕಿದರು.

ಬಿಟ್ಟ ದನದ ತಗಾದೆ ಬೆಂಗಳೂರಿಗೆ ಹೊಸದೂ ಅಲ್ಲ. ಬಸವನಗುಡಿಯ ದೊಡ್ಡ ಬಸವಣ್ಣನ ಕತೆ ಎಲ್ಲರಿಗೂ ಗೊತ್ತು: ಸುಂಕೇನಹಳ್ಳಿಯ ಕಡಲೆಕಾಯಿ ಹೊಲಗಳನ್ನು ಒಂದು ಬಸವ ಬಂದು ಮೇಯುತ್ತಿತ್ತು, ರೇಗಿದ ರೈತ ಹೊಡೆದ, ಬಸವ ಕಲ್ಲಾಯಿತು. ಕಡಲೆಕಾಯಿ ಪರಿಷೆಯ ಮೂಲ ಇದೇ ಎನ್ನುತ್ತಾರೆ. ಆ ಬಸವ ಯಾರದ್ದು ಎಂದು ಮಾತ್ರ ಕತೆ ಹೇಳುವುದಿಲ್ಲ.

ಇವತ್ತಿನ ಗಂಟೂ ಅಲ್ಲೇ ಇದೆ. ಹಾಲು ಕರೆಯುವ ಹೊತ್ತಿಗೆ ಪ್ರತಿ ಹಸುವಿಗೂ ಒಬ್ಬ ಮಾಲೀಕ ಇರುತ್ತಾನೆ, ಅಪಘಾತದ ಹೊತ್ತಿಗೆ ಇರುವುದಿಲ್ಲ. ಹಸು ಸತ್ತರೆ ಪರಿಹಾರ ಕೇಳಲು ಐದು ನಿಮಿಷದಲ್ಲಿ ಜನ ಸೇರುತ್ತಾರೆ, ಸವಾರ ಸತ್ತರೆ ಆ ಹಸು ‘ಬೀದಿ ದನ’ ಆಗಿಬಿಡುತ್ತದೆ. ಹೀಗಿರುವಾಗ ನಿಮ್ಮ ಕೈಗೆ ಸಿಗುವ ಅತಿ ಮುಖ್ಯ ಸಾಕ್ಷಿ ಹಸುವಿನ ಕಿವಿ. ಪಶುಪಾಲನಾ ಇಲಾಖೆ ಹಾಕುವ ಹಳದಿ ಓಲೆಯಲ್ಲಿ 12 ಅಂಕಿಗಳ ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ಎದುರು ಮಾಲೀಕರ ಹೆಸರು ಇಲಾಖೆಯ ದಾಖಲೆಯಲ್ಲಿರುತ್ತದೆ, ಪೊಲೀಸರು ಅದನ್ನು ಕೇಳಿ ಪಡೆಯಬಹುದು. ಗಾಡಿಗೆ ನಂಬರ್ ಪ್ಲೇಟ್ ಇದ್ದ ಹಾಗೆಯೇ ಇದು.

ಓಲೆಯೇ ಇಲ್ಲದಿದ್ದರೆ? ಆಗ ಉಳಿಯುವುದು ಪಾಲಿಕೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು, ಗಾಂಧಿನಗರ ಈಗ ಕೇಂದ್ರ ಪಾಲಿಕೆಗೆ ಸೇರಿದೆ. ರಸ್ತೆಯಿಂದ ದನ ತೆಗೆಯುವುದು ಸ್ಥಳೀಯ ಸಂಸ್ಥೆಯ ಕೆಲಸವೇ. ಆದರೆ ಅದರಿಂದ ಪರಿಹಾರ ಪಡೆಯುವುದು ನಮ್ಮಲ್ಲಿ ಸುಲಭವಲ್ಲ. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರ ನವೆಂಬರ್‌ನಲ್ಲಿ, ಬೀದಿ ದನ-ನಾಯಿಗಳಿಂದಾದ ಹಾನಿಗೆ ಮುಖ್ಯ ಹೊಣೆ ಸರ್ಕಾರದ್ದು ಎಂದು ಹೇಳಿ, ಜಿಲ್ಲಾಧಿಕಾರಿ ನೇತೃತ್ವದ ಸಮಿತಿಗಳ ಮೂಲಕ ಪರಿಹಾರ ಕೊಡಲು ಆದೇಶಿಸಿತು. ಅದು ಆ ರಾಜ್ಯಗಳಿಗೆ ಅನ್ವಯ, ಕರ್ನಾಟಕದಲ್ಲಿ ವಕೀಲರು ಉದಾಹರಣೆಯಾಗಿ ತೋರಿಸಬಹುದು ಅಷ್ಟೆ. 2025ರ ನವೆಂಬರ್ 7ರ ಸುಪ್ರೀಂ ಕೋರ್ಟ್ ಆದೇಶ ದೇಶಕ್ಕೆಲ್ಲ ಅನ್ವಯಿಸುತ್ತದೆ, ಹೆದ್ದಾರಿಗಳಿಂದ ದನ ತೆರವು ಮಾಡಿ, ಗಸ್ತು ಇಡಿ, ಸಹಾಯವಾಣಿ ಕೊಡಿ ಎನ್ನುತ್ತದೆ. ‘ಇನ್ನು ಮೇಲೆ ಎಲ್ಲ ಬೀದಿಯಲ್ಲೂ ಸರ್ಕಾರವೇ ಪರಿಹಾರ ಕೊಡುತ್ತದೆ’ ಎಂದು ಅದನ್ನು ಓದಿಕೊಳ್ಳುವುದು ತಪ್ಪು.

ವಿಮೆಯ ವಿಷಯದಲ್ಲಿ ಜನ ಹೆಚ್ಚು ಮೋಸ ಹೋಗುತ್ತಾರೆ. ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಹಸುವಿಗೆ ಗುದ್ದಿ ಜಖಂ ಆದ ನಿಮ್ಮ ಗಾಡಿಗೆ ಒಂದು ರೂಪಾಯಿಯೂ ಬರುವುದಿಲ್ಲ, ಅದಕ್ಕೆ ಸ್ವಂತ ಹಾನಿಯ ವಿಮೆ ಬೇಕು. ಗಾಡಿ ಮಾಲೀಕರೇ ಓಡಿಸುತ್ತಿದ್ದು ಸತ್ತರೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇದೆ, ಆದರೆ ಆ ಕಂತನ್ನು ಕಟ್ಟಿರಬೇಕು, ಚಾಲನಾ ಪರವಾನಗಿಯೂ ಇರಬೇಕು. ಬೈಕಿನ ಹಿಂದೆ ಕೂತವರ ಕತೆ ಇನ್ನೂ ಕಷ್ಟ. ಬರೀ ಕಡ್ಡಾಯ ವಿಮೆಯಲ್ಲಿ ಅವರು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಅದಕ್ಕಿಂತ ಕ್ರೂರವಾದದ್ದು ಬೇರೆ ಇದೆ: ಹಸು ಅಡ್ಡ ಬಂದು, ಹಿಂದೆ ಕೂತಿದ್ದ ಹೆಂಡತಿ ಬಿದ್ದು ಸತ್ತರೆ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣ ಎಂಬ 106ನೇ ಕಲಂ ಅಡಿ ಗಂಡನ ಮೇಲೇ ಕೇಸು ಬೀಳಬಹುದು. ಅದಕ್ಕೂ ಐದು ವರ್ಷದವರೆಗೆ ಶಿಕ್ಷೆ ಇದೆ. ಫಾರ್ವರ್ಡ್‌ನಲ್ಲಿ ಹೇಳದ ಐದು ವರ್ಷ ಇದು.

ವೇಗದ ಲೆಕ್ಕವನ್ನೂ ನೋಡಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹಸು ಕಂಡು ಬ್ರೇಕ್ ಹಿಡಿದು ನಿಲ್ಲಲು ಒಣ ರಸ್ತೆಯಲ್ಲೂ ಅಂದಾಜು 45–50 ಮೀಟರ್ ಬೇಕು. 40ರಲ್ಲಿ 27ರ ಆಸುಪಾಸು ಸಾಕು. ಡಾಂಬರು ರಾತ್ರಿಯೂ ಬೆಚ್ಚಗಿರುವುದರಿಂದ ದನ ಅಲ್ಲೇ ಮಲಗುತ್ತವೆ, ಮುಖ ಆ ಕಡೆ ಇದ್ದರೆ ಕಣ್ಣೂ ಹೊಳೆಯುವುದಿಲ್ಲ. ಇಬ್ಬರಲ್ಲಿ ಯಾರ ಅಜಾಗರೂಕತೆ ಎಷ್ಟು ಎಂದು ಕೋರ್ಟು ತೂಗುವಾಗ ಈ ಮೀಟರುಗಳೇ ಮಾತಾಡುತ್ತವೆ.

ಅಪಘಾತ ಆದರೆ ಮನುಷ್ಯರಿಗೆ 108, ಪೊಲೀಸರಿಗೆ 112, ಹಸುವಿಗೆ 1962ರ ಪಶು ಸಂಜೀವಿನಿ. ಜಾಗದಲ್ಲೇ ಕೊಡುವ ನಗದಿಗೆ ರಸೀದಿ ಇರುವುದಿಲ್ಲ, ಅದಾದ ಮೇಲೆ ವಿಮಾ ಕಂಪನಿ ನಿಮ್ಮ ಮಾತು ಕೇಳುವುದೂ ಕಷ್ಟ. 24 ಗಂಟೆಯೊಳಗೆ ಠಾಣೆಗೆ ತಿಳಿಸಿ, ವಿಮಾ ಕಂಪನಿಗೂ ಬರೆದು ಹಾಕಿ. ಬೀದಿದೀಪ ಉರಿಯುತ್ತಿತ್ತೇ, ಎದುರು ಅಂಗಡಿಯಲ್ಲಿ ಕ್ಯಾಮೆರಾ ಇದೆಯೇ ನೋಡಿಕೊಳ್ಳಿ. ಅದಕ್ಕೂ ಮೊದಲು, ಹಸು ಎದ್ದು ಹೋಗುವ ಮುಂಚೆ ಅಥವಾ ಯಾರೋ ಬಂದು ಓಲೆ ಕಿತ್ತುಕೊಳ್ಳುವ ಮುಂಚೆ, ಅದರ ಕಿವಿಯ ಫೋಟೊ ತೆಗೆದುಕೊಳ್ಳಿ.