ಕೊಳಗ ಯಾರ ಕೈಯಲ್ಲಿದೆ?

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ಕಟ್ಟಿದವನು ಗಂಡಸೇ ಇರಬೇಕು. ಉಣ್ಣದೆ ಮಲಗಿದವಳು ಯಾರು, ಮಲಗಿದ ಮೇಲೆ ಏನಾಯಿತು ಎಂಬುದು ಅವನ ಲೆಕ್ಕಕ್ಕೆ ಬಂದಂತಿಲ್ಲ. ನಮ್ಮ ಉರ್ದು ಮನೆಗಳಲ್ಲಿ ಇದೇ ಮಾತು ‘ಘರ್ ಕೀ ಬಾತ್ ಘರ್ ಮೇ’ ಎಂದಾಗುತ್ತದೆ. ಮನೆಯ ಮಾತು ಮನೆಯಲ್ಲೇ ಇರಬೇಕಂತೆ. ಭಾಷೆ ಬೇರೆ, ಬಾಯಿ ಮುಚ್ಚಿಸುವ ಕೈ ಒಂದೇ.

ಕೆಲವು ಕಾಲದ ಹಿಂದೆ ತೀರ್ಥಹಳ್ಳಿ ತಾಲೂಕಿನ ಊರೊಂದರಲ್ಲಿ ನಡೆದ ಸಭೆಗೆ, ಕತೆ ಬರೆಯುವವರು ಎಂಬ ಕಾರಣಕ್ಕೆ, ನಮ್ಮನ್ನೂ ಕರೆದಿದ್ದರು. ಹೆಣ್ಣಿನ ಮೇಲಿನ ಹಿಂಸೆ ನಿಲ್ಲಬೇಕಾದರೆ ಗಂಡಸರನ್ನು ಕೂರಿಸಿಕೊಂಡು ಮಾತಾಡಬೇಕು ಎಂದು ಹೊರಟ ಒಂದು ಕಾರ್ಯಕ್ರಮದ ಸಮಾರೋಪ ಅದು. ವರದಿ ಓದಿದರು. ಎಷ್ಟು ಸಭೆ, ಎಷ್ಟು ಬೀದಿನಾಟಕ, ಎಷ್ಟು ಮಂದಿ ಪ್ರತಿಜ್ಞೆ ಮಾಡಿದರು, ಎಲ್ಲಕ್ಕೂ ಲೆಕ್ಕವಿತ್ತು. ನಾಲ್ಕೈದು ಗಂಡಸರು ಎದ್ದು ನಿಂತು ತಾವು ಬದಲಾದ ಬಗೆಯನ್ನು ಹೇಳಿದರು. ಚಪ್ಪಾಳೆ ಬಿತ್ತು. ಚಹಾ ತಂದುಕೊಟ್ಟವರು ಹೆಂಗಸರು. ಖಾಲಿ ಲೋಟ ಎತ್ತಿಕೊಳ್ಳಲು ಬಂದ ಒಬ್ಬರನ್ನು, ‘ಹೌದೇನಮ್ಮ, ಗಂಡಸರು ಬದಲಾಗಿದ್ದಾರಾ?’ ಎಂದು ಕೇಳಿದೆವು. ‘ನಮ್ಮನ್ನ ಯಾರೂ ಕೇಳ್ಲಿಲ್ಲಲ್ಲ ಅಣ್ಣಾ’ ಎಂದವರೇ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಆ ಒಂದು ಮಾತಿನ ಮುಂದೆ ಅಷ್ಟು ಹೊತ್ತು ಓದಿದ ವರದಿ ಹಗುರಾಗಿ ಹೋಯಿತು. ನಮ್ಮ ತಕರಾರು ಇಷ್ಟೇ: ಹೊಡೆಯುವವನು ಬದಲಾದನೇ ಎಂಬುದನ್ನು ಹೊಡೆಯುವವನ ಬಾಯಿಂದಲೇ ತಿಳಿದುಕೊಂಡು ಅದನ್ನು ಮೌಲ್ಯಮಾಪನ ಎಂದು ಕರೆಯಬಾರದು.

ಸಾಗರ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1951ರಲ್ಲಿ ಇದೇ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಒಡೆಯರ ವಿರುದ್ಧ ಎದ್ದು ನಿಂತರು. ಎಚ್. ಗಣಪತಿಯಪ್ಪನವರು ಸಂಘ ಕಟ್ಟಿದರು, ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಗೆಳೆಯರೂ ಜೊತೆಗೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಹೋರಾಟದ ಬೇರಿನಲ್ಲಿ ಇದ್ದದ್ದು ಒಂದು ಕೊಳಗ. ಗೇಣಿ ಅಳೆದುಕೊಳ್ಳುವಾಗ ಒಡೆಯರು ಬಳಸುತ್ತಿದ್ದ ಕೊಳಗ ದೊಡ್ಡದು. ಬೆಳೆದವನು ಒಬ್ಬ, ಅಳೆಯುವವನು ಇನ್ನೊಬ್ಬ; ಅಳತೆಯೂ ಅಳೆಯುವವನದೇ. ಅಳತೆ ಯಾರ ಕೈಯಲ್ಲಿದೆಯೋ ನ್ಯಾಯವೂ ಅವರ ಕೈಯಲ್ಲಿರುತ್ತದೆ ಎಂಬುದನ್ನು ಇಡೀ ನಾಡಿಗೆ ಕಲಿಸಿದ ಮಣ್ಣು ಇದು. ಮನೆಯೊಳಗಿನ ಕೊಳಗದ ವಿಷಯಕ್ಕೆ ಬಂದಾಗ ಮಾತ್ರ ನಾವು ಗಂಡಸರೆಲ್ಲ ಒಡೆಯರ ಪಕ್ಷ.

ಗಂಡಸರ ನಡುವೆ ಕೆಲಸ ಮಾಡುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಅದು ಬೇಕೇ ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49ರ ವಯಸ್ಸಿನ, ಮದುವೆಯಾದ ಹೆಂಗಸರಲ್ಲಿ ಶೇ. 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ದೇಶದ ಸರಾಸರಿ ಶೇ. 29.3. ರಾಜ್ಯಗಳ ಪೈಕಿ ನಮ್ಮದೇ ಮೊದಲು. 2015-16ರ ಸಮೀಕ್ಷೆಯಲ್ಲಿ ಈ ಸಂಖ್ಯೆ ಶೇ. 20.6 ಇತ್ತು. ಲಾಕ್‌ಡೌನ್ ಮೇಲೆ ಹೊರಿಸೋಣವೆಂದರೆ, ಕರ್ನಾಟಕದಲ್ಲಿ ಮಾಹಿತಿ ಸಂಗ್ರಹ 2019ರ ಡಿಸೆಂಬರಿನಲ್ಲೇ ಮುಗಿದಿತ್ತು. ಅಡುಗೆ ಸರಿಯಾಗದಿದ್ದರೆ, ಎದುರು ಮಾತಾಡಿದರೆ, ಹೇಳದೆ ಹೊರಗೆ ಹೋದರೆ, ಅತ್ತೆಮಾವಂದಿರನ್ನು ಗೌರವಿಸದಿದ್ದರೆ ಹೀಗೆ ಏಳು ಕಾರಣಗಳನ್ನು ಮುಂದಿಟ್ಟು ಕೇಳಿದಾಗ, ಒಂದಾದರೂ ಕಾರಣಕ್ಕೆ ಹೆಂಡತಿಗೆ ಹೊಡೆಯಬಹುದು ಎಂದ ಗಂಡಸರು ಶೇ. 81.9. ಹೆಂಗಸರು ಶೇ. 76.9. ಇದು ಯಾವುದೋ ಒಂದು ಜಾತಿಯ, ಒಂದು ಧರ್ಮದ ರೋಗವಲ್ಲ. ಹೀಗಿರುವಾಗ ಗಂಡಸರೊಡನೆ ಮಾತಾಡದೆ ಬೇರೆ ದಾರಿಯಿಲ್ಲ.

ಆದರೆ ಈ ಸಂಖ್ಯೆ ಹೊರಬಂದದ್ದು ಹೇಗೆ ಎಂಬುದನ್ನೂ ಗಮನಿಸಬೇಕು. ಆ ಸಮೀಕ್ಷೆಯಲ್ಲಿ ಹಿಂಸೆಯ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬಳೇ ಹೆಂಗಸಿಗೆ, ಬೇರೆ ಯಾರೂ ಇಲ್ಲದ ಕಡೆ ಕೇಳಬೇಕೆಂಬ ನಿಯಮವಿದೆ. ಏಕಾಂತ ಸಿಗದಿದ್ದರೆ ಕೇಳುವಂತೆಯೇ ಇಲ್ಲ. ಗಂಡಂದಿರನ್ನು ಕೇಳಿ ಬರೆದುಕೊಂಡಿದ್ದರೆ ಕರ್ನಾಟಕ ಸ್ವರ್ಗವಾಗಿ ಕಾಣುತ್ತಿತ್ತೇನೋ!

ಇದು ನಮ್ಮ ಕುಹಕವಲ್ಲ. ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತದ 70 ಊರುಗಳಲ್ಲಿ ‘ಸ್ಟೆಪಿಂಗ್ ಸ್ಟೋನ್ಸ್’ ಎಂಬ ತರಬೇತಿಯನ್ನು ಪರೀಕ್ಷಿಸಿದರು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ತಮ್ಮ ಹಿಂಸೆ ಕಡಿಮೆಯಾಗಿದೆ ಎಂದು ಗಂಡಸರು ಹೇಳಿದರು. ಅದೇ ಅಧ್ಯಯನದಲ್ಲಿ ಹೆಂಗಸರು ಕೊಟ್ಟ ಉತ್ತರದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಇಬ್ಬರಲ್ಲಿ ಯಾರನ್ನು ನಂಬಬೇಕು? ಗಂಡಸರು ಬೇಕೆಂದೇ ಸುಳ್ಳು ಹೇಳಿದರು ಎನ್ನಲಾಗದು. ತರಬೇತಿಯಲ್ಲಿ ಕೂತವನು ಕಲಿಯುವ ಮೊದಲ ಪಾಠ, ಯಾವ ಉತ್ತರ ಕೊಟ್ಟರೆ ಮೇಷ್ಟರಿಗೆ ಸಂತೋಷ ಎಂಬುದು.

ಅಷ್ಟು ದೂರ ಯಾಕೆ? ನಮ್ಮ ಬಾಗಲಕೋಟೆ ಜಿಲ್ಲೆಯ 47 ಹಳ್ಳಿಗಳಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ‘ಸಂವೇದನಾ ಪ್ಲಸ್’ ಎಂಬ ಕಾರ್ಯಕ್ರಮ ನಡೆಸಿತು. ಲೈಂಗಿಕ ವೃತ್ತಿಯಲ್ಲಿರುವ ಹೆಂಗಸರು, ಅವರ ಕಾಯಂ ಸಂಗಾತಿಗಳಾದ ಗಂಡಸರು, ಊರಿನವರು ಎಲ್ಲರೊಡನೆಯೂ ಕೆಲಸ ನಡೆಯಿತು. ಅರ್ಧದಷ್ಟು ಹಳ್ಳಿಗಳಲ್ಲಿ ಕಾರ್ಯಕ್ರಮ, ಉಳಿದರ್ಧ ಹೋಲಿಕೆಗೆ. ಅಳತೆಗೆ ಹಿಡಿದದ್ದು ಹೆಂಗಸರ ಮಾತನ್ನು. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಹೊಡೆತವನ್ನು ಸಹಿಸಿಕೊಳ್ಳಬೇಕು ಎಂಬ ಭಾವನೆ ಹೆಂಗಸರಲ್ಲಿ ಕಡಿಮೆಯಾಗಿತ್ತು, ತಮ್ಮನ್ನು ಕಾಪಾಡಿಕೊಳ್ಳುವ ದಾರಿಗಳು ಅವರಿಗೆ ಹೆಚ್ಚು ತಿಳಿದಿದ್ದವು. ಆದರೆ ಹೊಡೆತ ಕಡಿಮೆಯಾಯಿತು ಎಂದು ಹೇಳಲು ಆಧಾರ ಸಿಗಲಿಲ್ಲ. ಅದನ್ನು ಮುಚ್ಚಿಡದೆ ಅಚ್ಚು ಹಾಕಿಸಿದರಲ್ಲ, ಆ ಪ್ರಾಮಾಣಿಕತೆಗೆ ನಮ್ಮ ಸಲಾಮು. ಅವರು ಗಂಡಸರ ಪ್ರತಿಜ್ಞೆಗಳನ್ನು ಎಣಿಸಿ ಕೂತಿದ್ದರೆ ಅದೂ ಒಂದು ಯಶೋಗಾಥೆಯಾಗಿ ಹೋಗುತ್ತಿತ್ತು. ಮನಸ್ಸು ಬದಲಾಗುವುದು ಒಂದು, ಕೈ ನಿಲ್ಲುವುದು ಇನ್ನೊಂದು. ಮೊದಲನೆಯದನ್ನು ತೋರಿಸಿ ಎರಡನೆಯದರ ಹೆಸರಿನಲ್ಲಿ ರಸೀದಿ ಹರಿಯಬಾರದು.

ಕೈ ನಿಂತರೂ ಸಾಕೇ? ಆ ಸಮಾರೋಪದ ಮರುವಾರ ನಮ್ಮ ಮನೆಯಾಕೆಯ ಹತ್ತಿರ ಆ ಕಡೆಯ ಹೆಂಗಸೊಬ್ಬರು ಹೇಳಿಕೊಂಡ ಮಾತು ಇದು: ‘ಕೈ ಮಾಡದು ಬಿಟ್ಟಿದಾರೆ. ದುಡ್ಡು ಕೊಡದೂ ಬಿಟ್ಟಿದಾರೆ.’ 2005ರಲ್ಲಿ ಬಂದು 2006ರ ಅಕ್ಟೋಬರ್ 26ರಿಂದ ಜಾರಿಯಾದ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹಿಂಸೆಯನ್ನು ನಾಲ್ಕು ಬಗೆಯಾಗಿ ನೋಡುತ್ತದೆ: ದೈಹಿಕ, ಲೈಂಗಿಕ, ಮಾತಿನ ಹಾಗೂ ಮಾನಸಿಕ, ಆರ್ಥಿಕ. ಮನೆಖರ್ಚಿಗೆ ಕೊಡದಿರುವುದು, ಅವಳ ದುಡಿಮೆಯ ಹಣ ಕಿತ್ತುಕೊಳ್ಳುವುದು ಕಾನೂನಿನ ಕಣ್ಣಲ್ಲಿ ಹಿಂಸೆಯೇ. ಏಟನ್ನು ಮಾತ್ರ ಎಣಿಸುವ ವರದಿ ನಾಲ್ಕು ಬಾಗಿಲ ಮನೆಯಲ್ಲಿ ಒಂದಕ್ಕೆ ಮಾತ್ರ ಚಿಲಕ ಹಾಕಿ ಬಂದ ಹಾಗೆ.

ಇನ್ನು ನಮ್ಮ ಮೂರು ತಾಲೂಕುಗಳ ಭೂಗೋಲವನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಎಷ್ಟೋ ಕಡೆ ಮನೆಯಿಂದ ಮನೆಗೆ ತೋಟ, ಗದ್ದೆ, ಹಳ್ಳ ದಾಟಬೇಕು. ಕೂಗಿದರೆ ಕೇಳಿಸುವವರಿಲ್ಲ. ಮಳೆಗಾಲದಲ್ಲಂತೂ ಮಳೆಯ ಸದ್ದೇ ಎಲ್ಲವನ್ನೂ ನುಂಗುತ್ತದೆ. ಕಾಯ್ದೆಯಡಿ ಸಂರಕ್ಷಣಾಧಿಕಾರಿಯ ಹೊಣೆ ಹೊತ್ತ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿ ಇರುವುದು ತಾಲೂಕು ಕೇಂದ್ರದಲ್ಲಿ. ಅವರ ತಲೆಯ ಮೇಲೆ ಅಂಗನವಾಡಿಗಳ ಭಾರವೂ ಇದೆ. ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನ ಆಚೆಯ ತುಮರಿ ಭಾಗದ ಹೆಂಗಸು, 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವ ತನಕ, ಕೊನೆಯ ಲಾಂಚ್ ಹೋದ ಮೇಲೆ ಏಟು ತಿಂದರೆ ಬೆಳಗಾಗುವವರೆಗೆ ಕಾಯಬೇಕಿತ್ತು. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿಯವರೆಗೆ ಕೂತು ದುಡಿದ ಕೂಲಿ ಯಾರ ಜೇಬಿಗೆ ಹೋಯಿತು? ತವರಿಗೆ ಹೋಗಲು ಬಸ್ಸಿನ ಚಾರ್ಜು ಅವಳ ಕೈಯಲ್ಲಿತ್ತೇ? ಅವಳ ಫೋನು ಯಾರ ಹತ್ತಿರ ಇರುತ್ತದೆ? ಗಂಡಸು ಬದಲಾದನೇ ಎಂಬುದಕ್ಕೆ ಇಂಥ ಪ್ರಶ್ನೆಗಳೇ ಸರಿಯಾದ ಕೊಳಗ. ‘ಹೆಣ್ಣು ಗಂಡು ಸಮಾನರು: ಹೌದು / ಇಲ್ಲ’ ಎಂಬ ಕಾಗದದಲ್ಲಿ ಟಿಕ್ ಹಾಕಲು ಯಾರಿಗೆ ಏನು ಕಷ್ಟ?

ಕೇಳುವುದಕ್ಕೂ ಒಂದು ರೀತಿ ಇದೆ. ಗಂಡ ಜಗಲಿಯಲ್ಲಿ ಕೂತಿರುವಾಗ ಹೆಂಡತಿಯನ್ನು ಕೇಳಿ ಬರೆದುಕೊಂಡರೆ ಅವಳಿಗೆ ರಾತ್ರಿ ಇನ್ನೊಂದು ಏಟು ಕಾದಿರುತ್ತದೆ. ಒಳ್ಳೆಯ ಕೆಲಸ ನಡೆದ ಊರಿನಲ್ಲಿ ಮೊದಮೊದಲು ದೂರುಗಳು ಹೆಚ್ಚಾಗಬಹುದು, ಏಕೆಂದರೆ ಹೆಂಗಸರಿಗೆ ಬಾಯಿ ಬಂದಿರುತ್ತದೆ. ಅದನ್ನು ಸೋಲು ಎಂದು ಬರೆಯುವ ಅಧಿಕಾರಿಯೂ, ದೂರೇ ಇಲ್ಲದ ಊರನ್ನು ಮಾದರಿ ಗ್ರಾಮ ಎಂದು ಹೊಗಳುವ ಸಂಸ್ಥೆಯೂ ಒಂದೇ ತಪ್ಪು ಮಾಡುತ್ತಾರೆ.

ಈಗ ನಮ್ಮವರೊಡನೆ ಒಂದು ಮಾತು. ಮುಸ್ಲಿಂ ಗಂಡಸೇ ಕ್ರೂರಿ ಎಂದು ಬಿಂಬಿಸುವ ರಾಜಕೀಯ ನಮಗೆ ಗೊತ್ತಿದೆ. 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಒಂದೇ ಉಸಿರಿನ ತ್ರಿವಳಿ ತಲಾಖನ್ನು ರದ್ದು ಮಾಡಿತು. 2019ರಲ್ಲಿ ಸರಕಾರ ಅದಕ್ಕೆ ಮೂರು ವರ್ಷದವರೆಗೆ ಜೈಲು ಎಂಬ ಕಾನೂನು ತಂದಿತು. ಅಂದು ಮುಸ್ಲಿಂ ಹೆಣ್ಣಿಗಾಗಿ ಕಣ್ಣೀರಿಟ್ಟ ಅನೇಕರು ಶೇ. 44.4ರ ಮುಂದೆ ಮೌನವಾಗಿದ್ದಾರೆ. ಇದು ನಿಜ. ಆದರೆ ಈ ನಿಜವನ್ನು ಗುರಾಣಿ ಮಾಡಿಕೊಂಡು ‘ಅವರ ಕೈಗೆ ಅಸ್ತ್ರ ಕೊಡಬೇಡಿ’ ಎಂದು ನಮ್ಮ ಹೆಣ್ಣುಮಕ್ಕಳ ಬಾಯಿ ಮುಚ್ಚಿಸುತ್ತಿರುವವರು ನಾವು. ಬಾನು ಮುಷ್ತಾಕರ ‘ಕರಿ ನಾಗರಗಳು’ ಕತೆಯನ್ನು ತೀರ್ಥಹಳ್ಳಿ ತಾಲೂಕಿನವರೇ ಆದ ಗಿರೀಶ ಕಾಸರವಳ್ಳಿಯವರು 2004ರಲ್ಲಿ ‘ಹಸೀನಾ’ ಎಂಬ ಸಿನಿಮಾ ಮಾಡಿದರು. ನ್ಯಾಯ ಕೇಳಿ ಮುತವಲ್ಲಿಯ ಬಾಗಿಲಿಗೆ ಬಂದ ಆ ಹೆಣ್ಣು ಇವತ್ತಿಗೂ ನಮ್ಮ ಎಷ್ಟೋ ಜಮಾಅತ್‌ಗಳ ಹೊರಗೆ ನಿಂತಿದ್ದಾಳೆ. ಒಳಗೆ ಗಂಡಸರೇ ಕೂತು ‘ಹೊಂದಿಕೊಂಡು ಹೋಗಮ್ಮ’ ಎಂದು ರಾಜಿ ಬರೆಯುತ್ತಾರೆ. ಬೇರೆ ಸಮುದಾಯಗಳ ಜಾತಿ ಪಂಚಾಯಿತಿಯಲ್ಲೂ ಇದೇ ಕತೆ.

‘ಅನ್ನಿಸಾ’ ಅಧ್ಯಾಯದ 34ನೇ ಸೂಕ್ತ ನಮ್ಮ ಗಂಡಸರಿಗೆ ಕಂಠಪಾಠ. ಪ್ರವಾದಿಯವರು(ಸ) ತಮ್ಮ ಜೀವನದಲ್ಲಿ ಯಾವ ಹೆಣ್ಣಿನ ಮೇಲೂ ಕೈ ಎತ್ತಲಿಲ್ಲ ಎಂದು ಹಝ್ರತ್ ಆಯಿಶಾ(ರ) ಹೇಳಿದ ಹದೀಸ್ ಮಾತ್ರ ಮರೆತುಹೋಗುತ್ತದೆ. ಇನ್ನೊಂದು ಹದೀಸ್ ಇದೆ. ಗಂಡಂದಿರ ಹೊಡೆತದ ದೂರು ಹೊತ್ತು ಅನೇಕ ಹೆಂಗಸರು ಪ್ರವಾದಿಯವರ(ಸ) ಮನೆಗೆ ಬಂದಾಗ, ಅಂಥ ಗಂಡಸರು ನಿಮ್ಮಲ್ಲಿ ಉತ್ತಮರಲ್ಲ ಎಂದು ಅವರು ಸಾರಿದರು. ಗಂಡಸರನ್ನು ಕರೆಸಿ ‘ನೀವು ಒಳ್ಳೆಯವರೇ?’ ಎಂದು ಕೇಳಿದ್ದು ಅಲ್ಲಿಲ್ಲ. ಹೆಂಗಸರ ದೂರೇ ಅಲ್ಲಿ ಅಳತೆ. ಕೊಳ್ಳುವಾಗ ತುಂಬಾ ಅಳೆದುಕೊಂಡು, ಕೊಡುವಾಗ ಕಡಿಮೆ ಅಳೆಯುವವರಿಗೆ ಕುರ್‌ಆನಿನ ‘ಅಲ್ ಮುತಫ್ಫಿಫೀನ್’ ಅಧ್ಯಾಯದ ಆರಂಭದಲ್ಲೇ ಕಠೋರ ಎಚ್ಚರಿಕೆಯಿದೆ. ಅದು ಅಂಗಡಿಯ ತಕ್ಕಡಿಗೆ ಮಾತ್ರ ಎಂದು ನಮಗೆ ಹೇಳಿದವರು ಯಾರು?

ಕತೆ ಬರೆಯುವ ನಾವೂ ಈ ಲೆಕ್ಕದಿಂದ ಹೊರಗಿಲ್ಲ. ಹೆಣ್ಣಿನ ಕಣ್ಣೀರನ್ನು ಬರೆದು ಶಾಲು ಹೊದೆಸಿಕೊಂಡವರು ನಾವು. ನಮ್ಮ ಮನೆಯಲ್ಲಿ ನಾವು ಎಂಥವರು ಎಂದು ನಮ್ಮ ಮನೆಯಾಕೆಯನ್ನು ಯಾವ ಸಂಪಾದಕರೂ ಇದುವರೆಗೆ ಕೇಳಿಲ್ಲ.

ಆದ್ದರಿಂದ ಗಂಡಸರನ್ನು ತಿದ್ದಲು ಹೊರಟವರಲ್ಲಿ, ಅವರಿಗೆ ಹಣ ಕೊಡುವವರಲ್ಲಿ ನಮ್ಮ ಒತ್ತಾಯ ಇಷ್ಟು. ಬದಲಾವಣೆಯನ್ನು ಆ ಮನೆಗಳ ಹೆಂಗಸರ ಮಾತಿನಿಂದ, ಅವರಿಗೆ ಅಪಾಯವಾಗದ ಹಾಗೆ ಅಳೆಯಿರಿ. ಯಾವುದನ್ನು ಬದಲಾವಣೆ ಎನ್ನಬೇಕು ಎಂಬುದನ್ನು ಶುರುವಿನಲ್ಲೇ ಅವರಿಂದ ಕೇಳಿ ತಿಳಿಯಿರಿ. ಸಮಾರೋಪದ ದಿನ ಅಳೆದು ಮುಗಿಸಬೇಡಿ, ಎರಡು ವರ್ಷ ಬಿಟ್ಟು ಮತ್ತೆ ಬನ್ನಿ. ಅಳೆಯುವವರು ಕಾರ್ಯಕ್ರಮ ನಡೆಸಿದವರೇ ಆಗದಿರಲಿ. ಸೋತದ್ದನ್ನು ಸೋತದ್ದು ಎಂದೇ ಕನ್ನಡದಲ್ಲಿ ಬರೆದು ಆ ಊರಿನವರ ಮುಂದೆ ಓದಿ. ಗಂಡಸರ ಸಭೆಗೆ ಸುರಿಯುವ ದುಡ್ಡು ಏಟು ತಿಂದವಳ ಆಶ್ರಯಕ್ಕೆ, ವಕೀಲರಿಗೆ, ಬಸ್ಸಿನ ಚಾರ್ಜಿಗೆ ಇದ್ದ ದುಡ್ಡನ್ನು ಕಿತ್ತುಕೊಂಡು ಬಂದದ್ದಾಗದಿರಲಿ.

ಇನ್ನೂ ಒಂದು ಉಳಿಯಿತು. ಮುಂದಿನ ಸಮಾರೋಪದಲ್ಲಿ ಚಹಾ ಮಾಡಿ ಲೋಟ ತೊಳೆಯುವ ಕೆಲಸ ಗಂಡಸರದಾಗಿರಲಿ. ವರದಿಯನ್ನು ಆ ಹೆಂಗಸರು ಓದಲಿ. ಚಪ್ಪಾಳೆ ತಟ್ಟಬೇಕೋ ಬೇಡವೋ ಎಂಬುದನ್ನು ನಾವು ಆಮೇಲೆ ನೋಡೋಣ.