ಬೆಳಕನ್ನು ಅರಸುವ ಮಕ್ಕಳಿಗೆ ನಾವೇ ಅಡ್ಡ ನಿಲ್ಲದಿರೋಣ

ಪರೀಕ್ಷೆಗಳ ಫಲಿತಾಂಶ ಹೊರಬಿದ್ದಾಗಲೆಲ್ಲ ನಮ್ಮ ಧರ್ಮಕೇಂದ್ರಗಳಲ್ಲಿ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ತಂದೆತಾಯಂದಿರು ಗುಂಪುಗೂಡುತ್ತಾರೆ. ಪ್ರಶ್ನೆ ಒಂದೇ: "ಮುಂದೇನು?" ಉತ್ತರಗಳು ಮೂರೋ ನಾಲ್ಕೋ: ಇಂಜಿನಿಯರಿಂಗ್, ಕಂಪ್ಯೂಟರ್, ನರ್ಸಿಂಗ್, ಇಲ್ಲವಾದರೆ ಗಲ್ಫ್. ಈಚೆಗೆ ಇಂತಹುದೇ ಒಂದು ಗುಂಪಿನಲ್ಲಿ ಒಬ್ಬ ಬಾಲಕಿ, ತಾನು ಭೌತಶಾಸ್ತ್ರ ಓದಿ ಸಂಶೋಧನೆ ಮಾಡಬೇಕೆಂದಿರುವುದಾಗಿ ಮೆಲ್ಲಗೆ ನುಡಿದಳು. ಪಕ್ಕದಲ್ಲಿದ್ದ ಅಜ್ಜಿ ಥಟ್ಟನೆ ಹೇಳಿದರು: "ಅದು ನಮ್ಮಂಥವರಿಗಲ್ಲ ಮಗಾ. ಅದನ್ನು ಓದಿದವರಿಗೆ ಕೆಲಸವೂ ಸಿಗದು, ದೇವರೂ ದಕ್ಕನು." ಎಲ್ಲರೂ ನಕ್ಕರು. ಬಾಲಕಿ ಸುಮ್ಮನಾದಳು. ಆ ಮೌನವೇ ನಮ್ಮನ್ನು ಈ ವಾರ ಈ ವಿಚಾರದತ್ತ ಎಳೆದಿದೆ.

ಅಜ್ಜಿಯ ಮಾತನ್ನು ನಾವು ಹಗುರವಾಗಿ ಕಾಣಲಾರೆವು. ನಮ್ಮ ಸಮುದಾಯದ ಮನಸ್ಸಿನಲ್ಲಿ ನೆಲೆಯೂರಿರುವ ಮೂರು ಸಂಶಯಗಳು ಅದರಲ್ಲಿವೆ. ವಿಜ್ಞಾನ ಸಂಶೋಧನೆ ನಮ್ಮ ಪರಂಪರೆಗೆ ಸೇರಿದ್ದಲ್ಲ ಎಂಬುದು ಮೊದಲನೆಯದು. ಅದು ವಿಶ್ವಾಸವನ್ನು ಕೆಡಿಸುತ್ತದೆ ಎಂಬುದು ಎರಡನೆಯದು. ಅದರಿಂದ ಹೊಟ್ಟೆ ತುಂಬದು ಎಂಬುದು ಮೂರನೆಯದು. ಇವನ್ನು ಒಂದೊಂದಾಗಿ ಪರಿಶೀಲಿಸುವುದು ಲೇಸು.

ನಮ್ಮ ಪರಂಪರೆಗೆ ಸೇರಿದ್ದಲ್ಲವೆಂಬ ಮಾತು ಎಷ್ಟು ನಿಜ? 1865ರಲ್ಲಿ ಬೆಲ್ಜಿಯಂ ದೇಶದಿಂದ ಕಲ್ಕತ್ತೆಗೆ ಬಂದಿಳಿದ ಯೇಸುಸಭೆಯ ಗುರು ಯೂಜೀನ್ ಲಫೋಂ ಅವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಸಂತ ಕ್ಸೇವಿಯರ್ ಕಾಲೇಜಿನಲ್ಲಿ ಅವರು ಭೌತಶಾಸ್ತ್ರವನ್ನು ಪ್ರಯೋಗಗಳ ಮೂಲಕ ಬೋಧಿಸಿದರು. ಜಗದೀಶ್ ಚಂದ್ರ ಬೋಸರು ಅವರ ಶಿಷ್ಯರು. ಭಾರತೀಯರೇ ನಡೆಸುವ ವಿಜ್ಞಾನ ಸಂಸ್ಥೆಯೊಂದು ಬೇಕೆಂದು ಡಾಕ್ಟರ್ ಮಹೇಂದ್ರಲಾಲ್ ಸರ್ಕಾರರು ಹೊರಟಾಗ ಅವರಿಗೆ ಹೆಗಲು ಕೊಟ್ಟವರಲ್ಲಿ ಲಫೋಂ ಪ್ರಮುಖರು. ಹೀಗೆ 1876ರಲ್ಲಿ ಹುಟ್ಟಿದ್ದೇ ಭಾರತೀಯ ವಿಜ್ಞಾನ ಸಂವರ್ಧನ ಸಂಸ್ಥೆ. ಲಫೋಂ ಅಲ್ಲಿ ಹಲವು ವರ್ಷ ಸಾರ್ವಜನಿಕ ಉಪನ್ಯಾಸಗಳನ್ನು ನೀಡಿದರು.

1907ರಲ್ಲಿ ಆ ಸಂಸ್ಥೆಯ ಬಾಗಿಲು ತಟ್ಟಿದವರು ಹಣಕಾಸು ಇಲಾಖೆಯ ಒಬ್ಬ ತರುಣ ಅಧಿಕಾರಿ, ಚಂದ್ರಶೇಖರ ವೆಂಕಟ ರಾಮನ್. ಬಾಲ್ಯದಲ್ಲಿ ವಿಶಾಖಪಟ್ಟಣದ ಸಂತ ಅಲೋಶಿಯಸ್ ಶಾಲೆಯಲ್ಲಿ ಓದಿದ್ದವರು ಅವರು. ಕಚೇರಿಯ ಕೆಲಸದ ಮುನ್ನ ಹಾಗೂ ಅನಂತರ ದೊರೆತ ವೇಳೆಯಲ್ಲಿ ಅಲ್ಲಿ ಪ್ರಯೋಗ ನಡೆಸಿದರು. 1917ರಲ್ಲಿ ಕೈತುಂಬ ಸಂಬಳದ ಸರ್ಕಾರಿ ಹುದ್ದೆಯನ್ನು ಬಿಟ್ಟು, ಅದಕ್ಕಿಂತ ಕಡಿಮೆ ವೇತನದ ಪ್ರಾಧ್ಯಾಪಕ ಪೀಠವನ್ನು ಕಲ್ಕತ್ತ ವಿಶ್ವವಿದ್ಯಾನಿಲಯದಲ್ಲಿ ಸ್ವೀಕರಿಸಿದರು. 1928ರ ಫೆಬ್ರವರಿ 28ರಂದು ಅದೇ ಸಂಸ್ಥೆಯಲ್ಲಿ, ಕೆ. ಎಸ್. ಕೃಷ್ಣನ್ ಅವರ ಸಹಕಾರದೊಂದಿಗೆ ಕಂಡುಕೊಂಡ ಸತ್ಯವೇ ರಾಮನ್ ಪರಿಣಾಮ. 1930ರಲ್ಲಿ ಅದಕ್ಕೆ ನೊಬೆಲ್ ಪಾರಿತೋಷಕ ದೊರೆಯಿತು. 1933ರಲ್ಲಿ ಅವರು ಬೆಂಗಳೂರಿಗೆ ಬಂದು, 1970ರಲ್ಲಿ ಕಣ್ಣು ಮುಚ್ಚುವವರೆಗೂ ಇಲ್ಲಿಯೇ ನೆಲೆಸಿದರು.

ಆ ಪರಿಣಾಮವೆಂದರೇನು? ಒಂದೇ ಬಣ್ಣದ ಬೆಳಕನ್ನು ಒಂದು ವಸ್ತುವಿನ ಮೇಲೆ ಹಾಯಿಸಿದರೆ, ಚೆದರಿ ಹೊರಬರುವ ಬೆಳಕಿನ ಬಹುಪಾಲು ಅದೇ ಬಣ್ಣದ್ದಾಗಿರುತ್ತದೆ. ಆದರೆ ಸುಮಾರು ಕೋಟಿಗೊಂದರಷ್ಟು ಅತ್ಯಲ್ಪ ಪಾಲು, ವಸ್ತುವಿನ ಅಣುಗಳ ಕಂಪನಕ್ಕೆ ತನ್ನ ಶಕ್ತಿಯನ್ನು ಕೊಂಚ ಕೊಟ್ಟೋ ಅಲ್ಲಿಂದ ಕೊಂಚ ಪಡೆದೋ ಬಣ್ಣ ಬದಲಿಸಿಕೊಂಡು ಹೊರಬರುತ್ತದೆ. ಆ ಬದಲಾವಣೆಯ ಪ್ರಮಾಣ ಒಂದೊಂದು ವಸ್ತುವಿಗೂ ಒಂದೊಂದು ಬಗೆ. ಮನುಷ್ಯನಿಗೆ ಹೆಬ್ಬೆರಳ ಗುರುತಿನಂತೆ ಅಣುವಿಗೆ ಇದು ಗುರುತು.

ಈ ಒಂದು ಸತ್ಯ ಎಲ್ಲೆಲ್ಲಿ ಸಂಚರಿಸಿದೆ ನೋಡಿ. ವಸ್ತುವಿಜ್ಞಾನಿಯು ಇದರಿಂದಲೇ ಅಸಲಿ ವಜ್ರವನ್ನು ಅದರಂತೆ ಹೊಳೆಯುವ ಬೇರೆ ಹರಳಿನಿಂದ ಬೇರ್ಪಡಿಸುತ್ತಾನೆ. ಗ್ರಾಫೀನ್ ಎಂಬ ತೆಳು ಇಂಗಾಲದ ಹಾಳೆಯಲ್ಲಿ ಎಷ್ಟು ಪದರಗಳಿವೆಯೆಂದು ಎಣಿಸುತ್ತಾನೆ. ಇಂಜಿನಿಯರನು ಕಂಪ್ಯೂಟರಿನ ಸಿಲಿಕಾನ್ ಬಿಲ್ಲೆಯೊಳಗೆ ಎಲ್ಲಿ ಸೆಳೆತವಿದೆಯೆಂದು ಅದನ್ನು ಒಡೆಯದೆಯೇ ಅಳೆಯುತ್ತಾನೆ. ಔಷಧ ಕಾರ್ಖಾನೆಯಲ್ಲಿ ಕೈಯಲ್ಲಿ ಹಿಡಿಯುವ ಉಪಕರಣವೊಂದು ಪ್ಲಾಸ್ಟಿಕ್ ಚೀಲವನ್ನು ಬಿಚ್ಚದೆಯೇ ಒಳಗಿನ ಪುಡಿ ಯಾವುದೆಂದು ತಿಳಿಸುತ್ತದೆ. ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ಕ್ಯಾನ್ಸರ್ ತಗುಲಿದ ಭಾಗ ಎಲ್ಲಿ ಮುಗಿದು ಆರೋಗ್ಯವಂತ ಭಾಗ ಎಲ್ಲಿ ಆರಂಭವಾಗುತ್ತದೆಂದು ಈ ಬೆಳಕಿನಿಂದ ಗುರುತಿಸುವ ಪ್ರಯೋಗಗಳು ನಡೆದಿವೆ. 2021ರ ಫೆಬ್ರವರಿ 18ರಂದು ಮಂಗಳ ಗ್ರಹದ ಮೇಲಿಳಿದ ಪರ್ಸಿವೆರೆನ್ಸ್ ಯಂತ್ರವಾಹನದಲ್ಲಿ ರಾಮನ್ ಬೆಳಕನ್ನು ಓದುವ ಎರಡು ಉಪಕರಣಗಳಿವೆ. ಅವು ಅಲ್ಲಿನ ಬಂಡೆಗಳಲ್ಲಿರುವ ಖನಿಜಗಳನ್ನೂ ಜೀವಮೂಲದ ಕುರುಹಾಗಬಹುದಾದ ಸಂಯುಕ್ತಗಳನ್ನೂ ಅರಸಿವೆ. ಕಲ್ಕತ್ತೆಯ ಒಂದು ಬಡ ಪ್ರಯೋಗಾಲಯದಲ್ಲಿ ಹೊತ್ತಿದ ಹಣತೆ ಮಂಗಳನ ಅಂಗಳದವರೆಗೆ ಬೆಳಕು ಚೆಲ್ಲಿದೆ. ಆ ಹಣತೆಗೆ ಎಣ್ಣೆಯೆರೆದವರಲ್ಲಿ ನಮ್ಮ ಗುರುವೊಬ್ಬರೂ ಇದ್ದರೆಂಬುದನ್ನು ಮರೆತರೆ, ನಮ್ಮದೇ ಮನೆಯ ಕಥೆಯನ್ನು ನಾವು ಮರೆತಂತೆ.

ಎರಡನೆಯ ಸಂಶಯ ವಿಶ್ವಾಸದ್ದು. ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. 1633ರಲ್ಲಿ ಗೆಲಿಲಿಯೋನನ್ನು ಧರ್ಮಸಭೆಯ ನ್ಯಾಯಪೀಠ ಖಂಡಿಸಿದ್ದು ಮುಚ್ಚಿಡಬಹುದಾದ ಸಂಗತಿಯಲ್ಲ. ಅದನ್ನು ಮುಚ್ಚಿಡದಿದ್ದವರು ಜಗದ್ಗುರು ಎರಡನೆಯ ಜಾನ್ ಪಾಲರು. 1979ರಲ್ಲಿ ಅವರು ಆ ಪ್ರಕರಣದ ಮರುಪರಿಶೀಲನೆಗೆ ಕರೆ ಕೊಟ್ಟರು. 1992ರ ಅಕ್ಟೋಬರ್ 31ರಂದು, ಅಂದಿನ ದೇವಶಾಸ್ತ್ರಜ್ಞರು ತಪ್ಪಿದ್ದರೆಂದು ಬಹಿರಂಗವಾಗಿ ಒಪ್ಪಿಕೊಂಡರು. ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ ಮುನ್ನೂರೈವತ್ತು ವರ್ಷಗಳಿಗೂ ಮೀರಿ ಹಿಡಿಯಿತೆಂಬುದು ನೋವಿನ ಮಾತು. ಆದರೆ ಒಪ್ಪಿಕೊಂಡ ಮೇಲೂ ನಾವು ಹಳೆಯ ಭಯವನ್ನೇ ಮಕ್ಕಳಿಗೆ ಉಣಿಸುವುದಾದರೆ ಆ ನೋವಿನಿಂದ ಕಲಿತದ್ದೇನು?

ಜಗದ್ಗುರುಗಳು ಈ ಮಾತನ್ನಾಡಿದ ಸಭೆ ಯಾವುದು ಗೊತ್ತೆ? 1936ರಲ್ಲಿ ಹನ್ನೊಂದನೆಯ ಪಿಯುಸರು ಪುನರ್ರಚಿಸಿದ ಪೊಂತಿಫಿಕಲ್ ವಿಜ್ಞಾನ ಅಕಾಡೆಮಿ. ಅದರ ಸದಸ್ಯತ್ವಕ್ಕೆ ಜಾತಿ ಮತ ಕೇಳುವುದಿಲ್ಲ. ವಿಜ್ಞಾನದಲ್ಲಿನ ಸಾಧನೆಯೊಂದೇ ಅರ್ಹತೆ. ಕಥೋಲಿಕರಲ್ಲದ ಸರ್ ಸಿ. ವಿ. ರಾಮನ್‌ರನ್ನು 1961ರಲ್ಲಿ ಅದು ತನ್ನ ಸದಸ್ಯರನ್ನಾಗಿ ಸ್ವೀಕರಿಸಿತು. ಬೆಂಗಳೂರಿನಲ್ಲಿ ಹುಟ್ಟಿ, ಘನವಸ್ತುಗಳ ರಸಾಯನಶಾಸ್ತ್ರದಲ್ಲಿ ಜಗದ್ವಿಖ್ಯಾತರಾದ ಪ್ರೊಫೆಸರ್ ಸಿ. ಎನ್. ಆರ್. ರಾವ್ ಅವರು 1990ರಲ್ಲಿ ಅದರ ಸದಸ್ಯರಾದರು. 1960ರಿಂದ 1966ರವರೆಗೆ ಅದರ ಅಧ್ಯಕ್ಷರಾಗಿದ್ದವರು ಜಾರ್ಜ್ ಲಮೇತ್ರ್ ಎಂಬ ಬೆಲ್ಜಿಯಂನ ಧರ್ಮಗುರು. ವಿಶ್ವವು ಹಿಗ್ಗುತ್ತಿದೆಯೆಂದು 1927ರಲ್ಲಿ ಗಣಿತದಿಂದ ತೋರಿಸಿದವರು, ಇಂದು ಮಹಾಸ್ಫೋಟವೆಂದು ಕರೆಯಲಾಗುವ ಸಿದ್ಧಾಂತಕ್ಕೆ 1931ರಲ್ಲಿ ಮೂಲರೂಪ ಕೊಟ್ಟವರು ಅವರು. ಆದರೂ ಆ ಸಿದ್ಧಾಂತವನ್ನು ಆದಿಕಾಂಡದ ಸೃಷ್ಟಿವಾಕ್ಯಕ್ಕೆ ಸಾಕ್ಷಿಯಾಗಿ ಎಳೆದು ತರುವುದನ್ನು ಅವರು ಒಪ್ಪಲಿಲ್ಲ. ವಿಜ್ಞಾನಕ್ಕೆ ಅದರದೇ ದಾರಿ, ವಿಶ್ವಾಸಕ್ಕೆ ಅದರದೇ ದಾರಿ, ಎರಡರಲ್ಲಿಯೂ ನಡೆಯಬಲ್ಲವನು ಎರಡನ್ನೂ ಕಲಸಬೇಕಾಗಿಲ್ಲವೆಂಬುದು ಅವರ ನಿಲುವು. ನಮ್ಮ ಧರ್ಮೋಪದೇಶ ತರಗತಿಗಳಲ್ಲಿ ಹೇಳಿಕೊಡಬೇಕಾದ ಪಾಠ ಇದೇ.

ಅಷ್ಟೇಕೆ, ವ್ಯಾಟಿಕನ್ನಿಗೆ ತನ್ನದೇ ಆದ ಖಗೋಳ ವೀಕ್ಷಣಾಲಯವಿದೆ. ಹದಿಮೂರನೆಯ ಲಿಯೋ ಜಗದ್ಗುರುಗಳು 1891ರಲ್ಲಿ ಅದನ್ನು ಪುನಃ ಸ್ಥಾಪಿಸಿದರು. ಅಮೆರಿಕದ ಅರಿಜೋನ ರಾಜ್ಯದ ಗ್ರಹಾಂ ಬೆಟ್ಟದ ಮೇಲೆ 1993ರಲ್ಲಿ ಉದ್ಘಾಟನೆಯಾದ ಅದರ ದೂರದರ್ಶಕದಲ್ಲಿ 1.8 ಮೀಟರ್ ಅಗಲದ ದರ್ಪಣವಿದೆ. ಕುಲುಮೆಯನ್ನೇ ತಿರುಗಿಸುತ್ತ, ಕರಗಿದ ಗಾಜು ತಾನಾಗಿ ಬಟ್ಟಲಿನಾಕಾರ ತಾಳುವಂತೆ ಮಾಡಿ ಎರಕ ಹೊಯ್ದ ದರ್ಪಣವದು. ನಕ್ಷತ್ರವನ್ನು ನೋಡುವ ಕಣ್ಣಿಗೆ ವಸ್ತುವಿಜ್ಞಾನವೂ ಇಂಜಿನಿಯರನ ಕೈಚಳಕವೂ ಬೇಕೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ? 2025ರಲ್ಲಿ ಆ ವೀಕ್ಷಣಾಲಯದ ನಿರ್ದೇಶಕರಾಗಿ ನೇಮಕಗೊಂಡವರು ಗೋವಾ ಪ್ರಾಂತ್ಯದ ಯೇಸುಸಭೆಯ ಗುರು ರಿಚರ್ಡ್ ಡಿಸೋಜ. ನಮ್ಮ ಭೂಮಿಯಿರುವ ಆಕಾಶಗಂಗೆಯ ನೆರೆಯ ಆಂಡ್ರೊಮಿಡ ನಕ್ಷತ್ರಸಮೂಹವು ಸುಮಾರು 200 ಕೋಟಿ ವರ್ಷಗಳ ಹಿಂದೆ ಮತ್ತೊಂದು ದೊಡ್ಡ ಸಮೂಹವನ್ನು ನುಂಗಿತೆಂದು 2018ರಲ್ಲಿ ತಮ್ಮ ಸಹೋದ್ಯೋಗಿಯೊಡನೆ ವಾದಿಸಿದವರು. ನಮ್ಮ ಊರುಗಳಲ್ಲಿ ಮನೆಮನೆಗೂ ಇರುವಂಥ ಹೆಸರು ಅದು. ಆದರೂ "ನಮ್ಮಂಥವರಿಗಲ್ಲ" ಎನ್ನುತ್ತೇವೆ!

ವಿಜ್ಞಾನ ಮಾಡುವುದೆಲ್ಲ ಸರಿಯೆಂದು ನಮ್ಮ ಅಭಿಪ್ರಾಯವಲ್ಲ. 1959ರಲ್ಲಿ ಪ್ಯಾರಿಸಿನಲ್ಲಿ ಮಾರ್ತ್ ಗೋತಿಯೆ, ರೇಮೊಂ ತ್ಯುರ್ಪಾಂ ಮತ್ತು ಜೆರೋಂ ಲಜೂನ್ ಅವರು ಡೌನ್ ಲಕ್ಷಣವುಳ್ಳ ಮಕ್ಕಳಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರಿರುವುದನ್ನು ಪ್ರಕಟಿಸಿದರು. ಆ ಮಕ್ಕಳಿಗೆ ಚಿಕಿತ್ಸೆ ದೊರೆಯಲೆಂದು ಹಂಬಲಿಸಿದ ಲಜೂನ್, ಅದೇ ಜ್ಞಾನವು ಅವರನ್ನು ಗರ್ಭದಲ್ಲಿಯೇ ಗುರುತಿಸಿ ಇಲ್ಲವಾಗಿಸಲು ಬಳಕೆಯಾದುದನ್ನು ಕಂಡು ಕಡೆಯವರೆಗೂ ಪ್ರತಿಭಟಿಸಿದರು. 1994ರಲ್ಲಿ ಜೀವಕ್ಕಾಗಿ ಸ್ಥಾಪಿತವಾದ ಪೊಂತಿಫಿಕಲ್ ಅಕಾಡೆಮಿಯ ಪ್ರಥಮ ಅಧ್ಯಕ್ಷರು ಅವರೇ. ಪ್ರಯೋಗಾಲಯದ ಹೊರಗೆ ನಿಂತು ಕೂಗುವವನ ಮಾತಿಗೂ, ಒಳಗಿದ್ದು ಬಲ್ಲವನ ಮಾತಿಗೂ ಅಂತರವಿದೆ. ಆತ್ಮಸಾಕ್ಷಿಯುಳ್ಳ ಮಕ್ಕಳನ್ನು ಅಲ್ಲಿಗೆ ಕಳುಹಿಸದೆ, ಅಲ್ಲಿ ಆತ್ಮಸಾಕ್ಷಿಯಿಲ್ಲವೆಂದು ದೂರುವುದು ನ್ಯಾಯವಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಂತೂ ನಾವು ಇನ್ನಷ್ಟು ಹಿಂದೆ. 1933ರಲ್ಲಿ ಕಮಲಾ ಸೊಹೊನಿಯವರಿಗೆ, ಹೆಣ್ಣೆಂಬ ಕಾರಣಕ್ಕೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರವೇಶ ನಿರಾಕರಿಸಿದವರು ಸ್ವತಃ ರಾಮನ್. ಆಕೆ ಪಟ್ಟು ಬಿಡದೆ ನಿಂತು ಪ್ರವೇಶ ಪಡೆದು, ಕೆಲಸದಿಂದಲೇ ಉತ್ತರ ಕೊಟ್ಟರು. ಆಮೇಲೆ ಅಲ್ಲಿಗೆ ಹೆಣ್ಣುಮಕ್ಕಳು ಬಂದರು. 1940ರಲ್ಲಿ ರಾಮನ್‌ರ ಪ್ರಯೋಗಾಲಯ ಸೇರಿ ವಜ್ರಗಳ ಮೇಲೆ ಸಂಶೋಧನೆ ನಡೆಸಿದ ಅನ್ನಾ ಮಣಿಯವರು ತಿರುವಾಂಕೂರಿನ ಸುರಿಯಾನಿ ಕ್ರೈಸ್ತ ಮನೆತನದವರು. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ವಾಡಿಕೆಯಂತೆ ವಜ್ರದ ಓಲೆ ಕೊಡಬಂದಾಗ, ತನಗೆ ವಿಶ್ವಕೋಶ ಬೇಕೆಂದು ಹಟ ಹಿಡಿದ ಬಾಲಕಿಯಾಕೆ. ಮುಂದೆ ದೇಶದ ಹವಾಮಾನ ಉಪಕರಣಗಳನ್ನು ಇಲ್ಲಿಯೇ ತಯಾರಿಸುವಂತೆ ಮಾಡಿದವರಲ್ಲಿ ಆಕೆ ಅಗ್ರಗಣ್ಯರು. ಪ್ರಥಮ ಪರಮಪ್ರಸಾದದ ದಿನ ಮಗಳ ಕೊರಳಿಗೆ ಸರ ಹಾಕುವ ನಾವು, ಅವಳ ಕೈಗೆ ಒಂದು ಪುಸ್ತಕವನ್ನೂ ಇಡಬಾರದೇಕೆ?

ಉಳಿದುದು ಹೊಟ್ಟೆಯ ಪ್ರಶ್ನೆ. ಸಾಲದ ಕಂತು, ತಂಗಿಯ ಮದುವೆ, ಸೋರುವ ಮಾಡು ಇವೆಲ್ಲ ಕಣ್ಣೆದುರಿಗಿರುವಾಗ ಬೇಗ ಸಂಪಾದನೆಗೆ ತೊಡಗು ಎನ್ನುವ ತಂದೆಯನ್ನು ನಾವು ದೂಷಿಸೆವು. ರೋಗಿಯ ಹಾಸಿಗೆಯ ಬಳಿ ರಾತ್ರಿಯೆಲ್ಲ ನಿಲ್ಲುವ ನಮ್ಮ ದಾದಿಯರ ಸೇವೆಗೆ ನಾವು ತಲೆಬಾಗುತ್ತೇವೆ. ಸಂಶೋಧನೆ ನಿಧಾನದ ದಾರಿಯೆಂಬುದೂ ನಿಜ. ಡಾಕ್ಟರೇಟ್ ಪದವಿಗೆ ಐದಾರು ವರ್ಷ ಹಿಡಿಯಬಹುದು, ಅನಂತರವೂ ಕಾಯಂ ಹುದ್ದೆಗೆ ಕಾಯಬೇಕಾದೀತು. ಆದರೆ ಅದು ಬರಿಗೈಯ ದಾರಿಯಲ್ಲ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಮೂಲಕ ಕಿರಿಯ ಸಂಶೋಧನಾ ವೇತನಕ್ಕೆ ಆಯ್ಕೆಯಾದವರಿಗೆ ತಿಂಗಳಿಗೆ ಕೊಡುವ ಮೊತ್ತವನ್ನು 2023ರ ಜನವರಿಯಿಂದ 31,000 ರೂಪಾಯಿಗಳಿಂದ 37,000 ರೂಪಾಯಿಗಳಿಗೆ ಏರಿಸಲಾಯಿತು. ಸಾಲ ಮಾಡಿ ವಿದೇಶಕ್ಕೆ ಹೋಗಿ ದುಡಿದು ಸಾಲ ತೀರಿಸುವುದೊಂದೇ ದಾರಿಯೆಂದು ನಂಬಿರುವ ಮನೆಗಳಲ್ಲಿ ಈ ಲೆಕ್ಕವನ್ನು ಯಾರೂ ಹೇಳಿಲ್ಲ.

ಹೇಳಬೇಕಾದವರು ಯಾರು? ನಾವೇ. ಶಾಲೆ ಕಾಲೇಜುಗಳನ್ನು ಕಟ್ಟಿದ ಸಮುದಾಯವೆಂಬ ಹೆಮ್ಮೆ ನಮಗಿದೆ. ಆದರೆ ನಮ್ಮ ಎಷ್ಟು ಶಾಲೆಗಳಲ್ಲಿ ಪ್ರಯೋಗಾಲಯದ ಬೀಗ ತನಿಖಾಧಿಕಾರಿ ಬಂದ ದಿನ ಮಾತ್ರ ತೆರೆಯುತ್ತದೆಂಬುದನ್ನು ಎದೆ ಮುಟ್ಟಿ ಕೇಳಿಕೊಳ್ಳೋಣ. ಧರ್ಮಕೇಂದ್ರದ ಹಬ್ಬದ ಸಿಡಿಮದ್ದಿಗೂ ದೀಪಾಲಂಕಾರಕ್ಕೂ ಹರಿಯುವ ಹಣದ ಹತ್ತನೆಯ ಒಂದು ಪಾಲು ಸಾಕು, ವಿಜ್ಞಾನ ಓದಬಯಸುವ ಒಬ್ಬ ಬಡ ವಿದ್ಯಾರ್ಥಿಗೆ ಆಸರೆಯಾಗಲು. ಪ್ರತಿ ವರ್ಷ ಫೆಬ್ರವರಿ 28ರ ವಿಜ್ಞಾನ ದಿನದ ಸುಮಾರಿಗೆ ಬರುವ ಒಂದು ಭಾನುವಾರ, ಸಂಶೋಧನೆಯಲ್ಲಿರುವ ನಮ್ಮವರೊಬ್ಬರನ್ನು ಕರೆಸಿ ಮಕ್ಕಳೊಡನೆ ಒಂದು ಗಂಟೆ ಮಾತನಾಡಿಸುವುದು ಯಾವ ಧರ್ಮಕೇಂದ್ರಕ್ಕೂ ಭಾರವಲ್ಲ.

ಸೃಷ್ಟಿ ದೇವರದೆಂದು ನಂಬುವವನಿಗೆ ಸೃಷ್ಟಿಯನ್ನು ಬಗೆದು ನೋಡುವ ಭಯವಿರಲಾಗದು. ಕೋಟಿಯಲ್ಲಿ ಒಂದು ಕಿರಣ ಬಣ್ಣ ಬದಲಿಸಿತೆಂದು ಗಮನಿಸಿದ ಕಣ್ಣಿನಿಂದಲೇ ಅಷ್ಟೆಲ್ಲ ಫಲ ಬಂದಿತು. ನಮ್ಮ ನೂರು ಮಕ್ಕಳಲ್ಲಿ ಒಬ್ಬಳು ಬೇರೆ ದಾರಿ ಕೇಳಿದರೆ, ನಾವು ನಕ್ಕು ಅವಳನ್ನು ಸುಮ್ಮನಾಗಿಸಬೇಕೆ? ಆ ಬಾಲಕಿ ಇನ್ನೂ ಅರ್ಜಿ ತುಂಬಿಲ್ಲವೆಂದು ಕೇಳಿದ್ದೇವೆ. ಕಾಲ ಮಿಂಚಿಲ್ಲ. ಅವಳ ಅಜ್ಜಿಗೆ ಯಾರಾದರೂ ಲಫೋಂ ಗುರುಗಳ ಕಥೆ ಹೇಳಿಯಾರೆ?