ಗದ್ದಲದೊಳಗಿನ ಎಣಿಕೆ

ಮನೆಯ ಹುಡುಗನು ಮೊಬೈಲಿನಲ್ಲಿ ಮೆಟಲ್ ಸಂಗೀತವನ್ನು ಹಾಕಿದೊಡನೆ ಹಿರಿಯರು "ಇದೇನು ಗದ್ದಲ, ನಿಲ್ಲಿಸು" ಎನ್ನುವುದು ರಾಯಚೂರು ಪಟ್ಟಣದ ಮನೆಗಳಿಗೂ ಹೊಸತಲ್ಲ. ಆ ಬೇಸರಕ್ಕೆ ಕಾರಣವೇ ಇಲ್ಲವೆಂದು ನಾವು ಹೇಳಲಾರೆವು. ಆದರೆ ಗದ್ದಲವಾಗಿ ತೋರಿದುದೆಲ್ಲ ಲೆಕ್ಕ ತಪ್ಪಿದುದಲ್ಲವೆಂಬ ಮಾತನ್ನು ಈ ತಿಂಗಳು ವಾಚಕರ ಮುಂದಿಡಬಯಸುತ್ತೇವೆ.

ಇಂಗ್ಲೆಂಡಿನ ವಾಟ್‌ಫರ್ಡ್ ಊರಿನ ಸಿಕ್ತ್ ಎಂಬ ತಂಡವು ೨೦೦೩ರಲ್ಲಿ ತನ್ನ ಮೊದಲನೆಯ ಪೂರ್ಣ ಆಲ್ಬಂ ಅನ್ನು ಹೊರತಂದಿತು. ಮರಗಳು ಸತ್ತು ಒಣಗಿವೆ, ಕಾಡಿನ ಬಿರುಸುಳ್ಳದ್ದೇನಾದರೂ ಬರುವುದನ್ನು ಕಾದಿರು ಎಂಬರ್ಥದ ನೀಳವಾದ ಹೆಸರು ಅದಕ್ಕೆ. ತಂಡದವರು ಆರು ಮಂದಿ. ಅವರಲ್ಲಿ ಹಾಡುವವರೇ ಇಬ್ಬರು. ಒಬ್ಬರು ಇಂಪಾಗಿ ಸ್ವರವೆಳೆಯುತ್ತಿದ್ದರೆ ಇನ್ನೊಬ್ಬರು ಅರಚುವರು, ಗೊಣಗುವರು, ಬಡಬಡಿಸುವರು. ಕಿವಿಯು ಒಂದು ಎಣಿಕೆಗೆ ಹೊಂದಿಕೊಳ್ಳುವಷ್ಟರಲ್ಲಿ ಎಣಿಕೆಯೇ ಬದಲಾಗುವುದು. ಮೊದಲ ಸಲ ಕೇಳಿದವರಿಗೆ ಪಾತ್ರೆಗಳ ಅಟ್ಟವೇ ಕುಸಿದಂತಾದರೆ ಆಶ್ಚರ್ಯವಿಲ್ಲ. ಆದರೂ ವಾದ್ಯಗಳೆಲ್ಲವೂ ಒಂದೇ ಕ್ಷಣದಲ್ಲಿ ನಿಂತು ಒಂದೇ ಕ್ಷಣದಲ್ಲಿ ತಿರುಗುವುದು ಎಣಿಕೆಯಿಲ್ಲದೆ ಸಾಧ್ಯವೆ?

ಹಾಡಿನ ನಡುವೆ ತಾಳ ತಿರುಗುವುದು ನಮ್ಮ ಸೀಮೆಗೆ ಹೊಸತೇನೂ ಅಲ್ಲ. ಮಾನ್ವಿಯ ಕಡೆಯ ಚೀಕಲಪರವಿಯ ವಿಜಯದಾಸರು, ದೇವದುರ್ಗದ ಕಡೆಯ ಮೊಸರಕಲ್ಲಿನ ಗೋಪಾಲದಾಸರು, ಅವರ ಶಿಷ್ಯರಾಗಿ ಮಾನ್ವಿಯಲ್ಲಿ ಬಾಳಿದ ಜಗನ್ನಾಥದಾಸರು, ಈ ಮೂವರೂ ಹದಿನೆಂಟನೆಯ ಶತಮಾನದಲ್ಲಿ ಸುಳಾದಿಗಳನ್ನು ರಚಿಸಿದವರು. ಪುರಂದರದಾಸರ ಕಾಲದಿಂದಲೂ ಬಂದ ಈ ಪ್ರಕಾರದಲ್ಲಿ ವಿಜಯದಾಸರ ಹೆಸರು ಬಹು ದೊಡ್ಡದು.

ಕೀರ್ತನೆಯು ಸಾಮಾನ್ಯವಾಗಿ ಒಂದೇ ತಾಳದಲ್ಲಿ ಮೊದಲಾಗಿ ಅದರಲ್ಲಿಯೇ ಮುಗಿಯುವುದು. ಸುಳಾದಿಯ ರೀತಿ ಬೇರೆ. ಅದರಲ್ಲಿ ನುಡಿ ಮುಗಿದು ಮುಂದಿನದು ಬಂದಂತೆ ತಾಳವೂ ಬದಲಾಗುವುದು. ಕಡೆಯಲ್ಲಿ 'ಜತೆ' ಎಂಬ ಎರಡು ಸಾಲು. ಇಂದಿನ ಸಂಗೀತಪಾಠದ ಲೆಕ್ಕದಂತೆ ಧ್ರುವತಾಳಕ್ಕೆ ೧೪ ಅಕ್ಷರ, ಮಠ್ಯಕ್ಕೆ ೧೦, ರೂಪಕಕ್ಕೆ ೬, ತ್ರಿಪುಟಕ್ಕೆ ೭, ಏಕಕ್ಕೆ ೪. ಹದಿನಾಲ್ಕಕ್ಕೆ ಒಗ್ಗಿದ ಕೈಯನ್ನು ಹತ್ತಕ್ಕೆ ತಿರುಗಿಸಿ, ಬಳಿಕ ಆರಕ್ಕೆ ಇಳಿಸುವುದು ಎಷ್ಟು ಎಚ್ಚರದ ಕೆಲಸವೆಂಬುದನ್ನು ತಾಳ ಹಾಕಿ ನೋಡಿದವರೇ ಬಲ್ಲರು.

ಇವೆರಡೂ ಒಂದೇ ಎಂಬುದು ನಮ್ಮ ವಾದವಲ್ಲ. ಸುಳಾದಿಯಲ್ಲಿ ಭಕ್ತಿಯೂ ತತ್ತ್ವವೂ ಮುಖ್ಯ, ತಾಳವು ಅವುಗಳ ಸೇವಕ. ತಾಳದ ಹೆಸರನ್ನು ನುಡಿಯ ತಲೆಯಲ್ಲಿ ಬರೆದು ತಿಳಿಸುವುದೂ ವಾಡಿಕೆ. ಆ ಆಂಗ್ಲ ತಂಡದ ಹಾಡಿನಲ್ಲಾದರೋ ತಿರುವು ಯಾವ ಸೂಚನೆಯೂ ಇಲ್ಲದೆ ಎರಗುವುದು. ಕೇಳುವವನನ್ನು ಬೆಚ್ಚಿಬೀಳಿಸುವುದರಲ್ಲಿಯೇ ಅದರ ಸೊಗಸು. ಆದರೆ ಎರಡೂ ಕೇಳುಗನಿಂದ ಬೇಡುವುದು ಒಂದನ್ನೇ: ಎಣಿಕೆ ಬಿಡದ ಕಿವಿ.

ನಮಗೆ ಕಳವಳವಾಗಿರುವುದು ಇಲ್ಲಿಯೇ. ಹಳೆಯ ಬರಹಗಳಲ್ಲಿ ಸುಳಾದಿಯ ರಾಗತಾಳಗಳ ಹೆಸರುಗಳು ಉಳಿದಿವೆ. ಹಾಡುವ ಧಾಟಿ ಮಾತ್ರ ಬಾಯಿಂದ ಕಿವಿಗೆ ಬರಬೇಕಾಗಿದ್ದುದು, ಬಹುಮಟ್ಟಿಗೆ ಬರದೆ ಹೋಯಿತು. ಅನೇಕ ಮನೆಗಳಲ್ಲಿ ಸುಳಾದಿಯು ಇಂದು ಪಾರಾಯಣದ ಪದ್ಯದಂತೆ ಓದಿಸಿಕೊಳ್ಳುತ್ತದೆ. ಸಂಗೀತ ಕಲಿಯುವ ಮಕ್ಕಳು 'ಸುಳಾದಿ ಸಪ್ತತಾಳ'ಗಳನ್ನು ಬಾಯಿಪಾಠ ಮಾಡುವರು. ಸುಳಾದಿಯನ್ನು ಕೇಳಿದವರು ಅವರಲ್ಲಿ ವಿರಳ. ಅಕ್ಷರವನ್ನು ಕಾಗದ ಕಾಯುವುದು, ಧಾಟಿಯನ್ನು ಕಾಯಲಾರದು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಹುಡುಗನ ಹಾಡನ್ನು ನಿಲ್ಲಿಸುವ ಮುನ್ನ, ಅದರ ತಿರುವುಗಳನ್ನು ಬೆರಳಿನಲ್ಲಿ ಎಣಿಸಿ ತೋರಿಸೆಂದು ಕೇಳಿರಿ. ತೋರಿಸಿದನಾದರೆ ಅವನ ಕಿವಿ ಸಿದ್ಧವಾಗಿದೆಯೆಂದು ತಿಳಿಯಿರಿ. ಮನೆಯಲ್ಲಿ ಅಜ್ಜಿಯೋ ಸೋದರತ್ತೆಯೋ ಒಂದು ಸುಳಾದಿಯ ಧಾಟಿಯನ್ನು ಬಲ್ಲವರಿದ್ದರೆ ಅವನನ್ನು ಅವರ ಬಳಿ ಕುಳ್ಳಿರಿಸಿರಿ. ಅವರು ಹಾಡಲಿ, ಅವನು ತಾಳ ಹಾಕಲಿ, ಅದೇ ಮೊಬೈಲು ಅದನ್ನು ಹಿಡಿದಿಡಲಿ. ಹಾಡಬಲ್ಲವರಿಗೆ ವಯಸ್ಸಾಗುತ್ತಿದೆ, ಈ ಕೆಲಸವನ್ನು ಬರುವ ಹಬ್ಬಕ್ಕೆಂದು ಮುಂದೆ ಹಾಕಬಾರದು.